ಹೈಕೋರ್ಟ್ ಬಿಡುಗಡೆ ಮಾಡಿದೆ, ಜೈಲಿನಲ್ಲಿ ಹೋದ ಏಳು ವರ್ಷಕ್ಕೆ ಪರಿಹಾರ ಕೇಳಲು ದಾರಿಯಿದೆಯೇ?

ಹೊಳೆದಂಡೆ:
ನಮ್ಮ ಚಿಕ್ಕಪ್ಪನವರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಊರು, ಠಾಣೆ, ನ್ಯಾಯಾಲಯ ಯಾವುದೆಂದು ನಾನು ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಪಕ್ಕದ ಹೊಲದವರೊಬ್ಬರ ಕೊಲೆಯಾದಾಗ, ಅದರ ಹಿಂದಿನ ವಾರ ಬದುವಿನ ವಿಚಾರಕ್ಕೆ ಅವರೊಂದಿಗೆ ಜಗಳವಾಗಿತ್ತೆಂಬ ಕಾರಣಕ್ಕೆ ಚಿಕ್ಕಪ್ಪನನ್ನು ಹಿಡಿದುಕೊಂಡು ಹೋದರು. ಜಾಮೀನು ಸಿಗಲಿಲ್ಲ. ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ವಿಚಾರಣೆಗೆ ಬಂದು, ಹೈಕೋರ್ಟ್ ಅವರನ್ನು ಖುಲಾಸೆಗೊಳಿಸುವ ಹೊತ್ತಿಗೆ ಒಳಗೆ ಏಳು ವರ್ಷ ಎರಡು ತಿಂಗಳು ಕಳೆದಿತ್ತು. ಮನೆಗೆ ಬಂದು ಈಗ ಹದಿನಾಲ್ಕು ತಿಂಗಳಾಯಿತು.

ವಕೀಲರ ಫೀಸಿಗೆಂದು ಒಂದು ಎಕರೆ ಹತ್ತು ಗುಂಟೆ ಮಾರಿದೆವು. ಅದು ಹೋಯಿತೆಂದು ನಾವು ಸುಮ್ಮನಾಗಿದ್ದೇವೆ. ಆದರೆ ಕಳೆದ ತಿಂಗಳು ಚಿಕ್ಕಪ್ಪ ಒಂದು ಹಸು ತಂದು, ಡೇರಿಗೆ ಹಾಲು ಹಾಕಲು ಹೋದಾಗ, ಹಳೆಯ ಸದಸ್ಯತ್ವ ರದ್ದಾಗಿದೆ, ಹೊಸದು ಬೇಕಾದರೆ ಕೇಸು ಮುಗಿದಿದ್ದಕ್ಕೆ ಏನಾದರೂ ಬರಹ ತನ್ನಿ ಎಂದರು. ಪಡಿತರ ಚೀಟಿ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಹೈಕೋರ್ಟಿನ ತೀರ್ಪಿನ ದೃಢೀಕೃತ ನಕಲನ್ನು ಇಟ್ಟುಕೊಂಡು ಹೋಗಿ ತೋರಿಸಿದರು. ಅದು ಇಂಗ್ಲಿಷಿನಲ್ಲಿದೆ. ಕಾರ್ಯದರ್ಶಿಗೂ ಓದಲು ಬರಲಿಲ್ಲ, ಚಿಕ್ಕಪ್ಪನಿಗೂ ಬರಲಿಲ್ಲ. ಶಿಕ್ಷೆ ಕೊಟ್ಟ ಸೆಷನ್ಸ್ ತೀರ್ಪು ಮಾತ್ರ ಕನ್ನಡದಲ್ಲಿತ್ತು, ಅದನ್ನು ಆಗಲೇ ಊರೆಲ್ಲ ಓದಿತ್ತು.

ಸರ್ಕಾರದಿಂದ ಪರಿಹಾರ ಕೇಳಲು ಕಾನೂನಿನಲ್ಲಿ ದಾರಿಯಿದೆಯೇ? ತೀರ್ಪಿನ ಕೊನೆಯಲ್ಲಿ, ಆರೋಪ ನಿಸ್ಸಂಶಯವಾಗಿ ಸಾಬೀತಾಗಿಲ್ಲವೆಂದು ‘ಸಂಶಯದ ಲಾಭ’ ಕೊಟ್ಟು ಬಿಡುಗಡೆ ಎಂದಿರುವುದು ಅಡ್ಡಿಯಾಗುತ್ತದೆಯೇ?

ಕಪ್ಪುಕೋಟು:
ನಾನು ಜಿಲ್ಲಾ ನ್ಯಾಯಾಲಯದಲ್ಲಿ ಕ್ರಿಮಿನಲ್ ವಕೀಲಿ ಮಾಡುವವನು. ತಪ್ಪಾಗಿ ಶಿಕ್ಷೆಯಾದವರಿಗೆ ಇಷ್ಟು ವರ್ಷಕ್ಕೆ ಇಷ್ಟು ಎಂದು ಹಕ್ಕಾಗಿ ಪರಿಹಾರ ಕೊಡುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358ನೇ ಕಲಮಿನಲ್ಲಿ ಆಧಾರವಿಲ್ಲದೆ ಬಂಧಿಸಿದ್ದಕ್ಕೆ ಪರಿಹಾರದ ಮಾತಿತ್ತು, ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಮಾಗಿದೆ. ಅದರಲ್ಲಿ ಕೊಡಬಹುದಾದ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ, ಅದೂ ಬಂಧನಕ್ಕೆ ಕಾರಣನಾದ ದೂರುದಾರನಿಂದ.

ಉಳಿದಿರುವುದು ಸಂವಿಧಾನದ 226 ಮತ್ತು 32ನೇ ವಿಧಿಗಳ ಕೆಳಗೆ, ಮೂಲಭೂತ ಹಕ್ಕಿಗಾಗಿ ನೇರವಾಗಿ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹಾಕುವ ರಿಟ್ ಅರ್ಜಿ. 1983ರ ರುದುಲ್ ಸಾಹ್ ಪ್ರಕರಣದಿಂದ ಈ ದಾರಿ ತೆರೆಯಿತು. ಬಿಹಾರದ ಆ ವ್ಯಕ್ತಿ 1968ರಲ್ಲಿಯೇ ಖುಲಾಸೆಯಾಗಿದ್ದರೂ 1982ರವರೆಗೆ ಮುಜಫ್ಫರಪುರದ ಜೈಲಿನಲ್ಲಿಯೇ ಇದ್ದರು. ಸುಪ್ರೀಂ ಕೋರ್ಟ್ ಅವರಿಗೆ ಮೂವತ್ತು ಸಾವಿರ ರೂಪಾಯಿ ಕೊಡಿಸಿತು. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಮೂಲಭೂತ ಹಕ್ಕಿನ ಉಲ್ಲಂಘನೆಯಾದಾಗ ಸರ್ಕಾರ ತನ್ನ ಸಾರ್ವಭೌಮತ್ವದ ಮರೆಯಲ್ಲಿ ನಿಂತು ಹೊಣೆ ತಪ್ಪಿಸಿಕೊಳ್ಳಲಾಗದು ಎಂಬುದು ಸ್ಪಷ್ಟವಾಯಿತು. ಆದರೆ ಇದು ನ್ಯಾಯಮೂರ್ತಿಗಳ ವಿವೇಚನೆಗೆ ಬಿಟ್ಟ ಪರಿಹಾರ. ಗುಜರಾತಿನ ಅಕ್ಷರಧಾಮ ದೇವಾಲಯದ ಮೇಲಿನ ದಾಳಿಯ ಪ್ರಕರಣದಲ್ಲಿ 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರು ಮಂದಿಯನ್ನು ಖುಲಾಸೆಗೊಳಿಸಿತು, ತನಿಖೆಯನ್ನು ಕಟುವಾಗಿ ಟೀಕಿಸಿತು. ಆದರೂ ಅವರು ಪರಿಹಾರ ಕೇಳಿದಾಗ 2016ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಖುಲಾಸೆಯಾದ ಮಾತ್ರಕ್ಕೆ ಪರಿಹಾರ ಬರುವುದಿಲ್ಲ ಎಂಬುದು ಅಂದಿನ ನಿಲುವು.

‘ಸಂಶಯದ ಲಾಭ’ ಖಂಡಿತ ಅಡ್ಡಿಯಾಗುತ್ತದೆ, ಆದರೆ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಕೊನೆಯ ಪುಟವನ್ನಷ್ಟೇ ನೋಡಬೇಡಿ. ತನಿಖಾಧಿಕಾರಿಯ ಬಗ್ಗೆ, ಮಹಜರಿನ (ಸಾಕ್ಷಿಗಳ ಮುಂದೆ ಪೊಲೀಸರು ಬರೆಯುವ ಸ್ಥಳ, ಜಪ್ತಿಯ ದಾಖಲೆ) ಬಗ್ಗೆ ಹೈಕೋರ್ಟ್ ಏನು ಬರೆದಿದೆ ಎಂಬುದನ್ನು ಹುಡುಕಿ ಇಲ್ಲಿ ಹಾಕಿ.

ಎರಡನೇ ಬೆಳೆ:
ಒಂದು ಸಾವಿರ ರೂಪಾಯಿ ಎಂಬುದನ್ನು ಎರಡು ಸಲ ಓದಿದೆ. ಹೊಸ ಸಂಹಿತೆ ಬರೆಯುವಾಗಲೂ ಆ ಅಂಕಿಯನ್ನು ಯಾರೂ ಮುಟ್ಟಲಿಲ್ಲವೆಂದರೆ ಬಹಳ ಬೇಸರವಾಗುತ್ತದೆ.

ಕಾಫಿತೋಟ:
ನಮ್ಮ ಕೊಡಗಿನ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಕಾಣೆಯಾದ ಹೆಂಡತಿಯನ್ನು ಹುಡುಕಿಕೊಡಿ ಎಂದು ದೂರು ಕೊಟ್ಟ ಆದಿವಾಸಿ ಕೂಲಿಕಾರನ ಮೇಲೆಯೇ, ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಕೊಲೆ ಆರೋಪ ಹೊರಿಸಿದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಿತರ ಕಣ್ಣಿಗೆ ಬಿದ್ದಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿತು. ಮಾಡದ ಕೊಲೆಗೆ ಶಿಕ್ಷೆಯಾದವನಿಗೂ ಸಿಕ್ಕಿದ್ದು ಅಷ್ಟೇ.

ಕಪ್ಪುಕೋಟು:
ಒಂದು ತಿದ್ದುಪಡಿ. ಅವರಿಗೆ ಶಿಕ್ಷೆಯಾಗಿರಲಿಲ್ಲ, ವಿಚಾರಣಾಧೀನ ಕೈದಿಯಾಗಿ ಒಳಗಿದ್ದರು. ಒಂದು ಲಕ್ಷ ಸಾಲದೆಂದು ಐದು ಕೋಟಿ ಪರಿಹಾರ ಕೋರಿ ಅವರು ಹೈಕೋರ್ಟಿಗೆ ಹೋದರು. ಅಲ್ಲಿ ನಿರಪರಾಧಿತ್ವಕ್ಕೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ, ಸತ್ತಳೆಂದವಳೇ ನ್ಯಾಯಾಲಯದಲ್ಲಿ ಬಂದು ನಿಂತಿದ್ದಳು. ಹೊಳೆದಂಡೆಯವರ ಚಿಕ್ಕಪ್ಪನಂಥವರಿಗೆ ಹಾಗೆ ಯಾರೂ ಎದ್ದು ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಕಾಫಿತೋಟ:
ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೆ ಒಳಗಿದ್ದವನಿಗೆ ವಿಚಾರಣಾಧೀನ, ಸಜಾಬಂದಿ ಎಂಬ ಭೇದದಿಂದ ಏನು ಉಪಕಾರವಾಯಿತು ಸರ್? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರೇ ಆಗಿದ್ದರು. ಪರಿಹಾರದ ಕಾನೂನು ಬರುವುದಾದರೆ ಅವರನ್ನೂ ಸೇರಿಸಿಕೊಂಡೇ ಬರಬೇಕು.

ಖಾಕಿ ದಿನಗಳು:
ಮೂವತ್ತೊಂದು ವರ್ಷ ಇಲಾಖೆಯಲ್ಲಿ ಸೇವೆ ಮಾಡಿ ನಿವೃತ್ತನಾದವನು ನಾನು. ಹೊಳೆದಂಡೆಯವರ ಕುಟುಂಬದ ನೋವನ್ನು ಅಲ್ಲಗಳೆಯುವುದಿಲ್ಲ. ಆದರೆ ಖುಲಾಸೆಯಾದವರೆಲ್ಲ ನಿರಪರಾಧಿಗಳೆಂದು ಹಿಡಿದರೆ ಅದು ಇನ್ನೊಂದು ಅನ್ಯಾಯವಾಗುತ್ತದೆ. ನನ್ನ ಕಣ್ಣೆದುರಿಗೇ ಸಾಕ್ಷಿಗಳು ಹಣಕ್ಕೋ ಹೆದರಿಕೆಗೋ ಮಾತು ಬದಲಿಸಿ, ಆರೋಪಿಗಳು ಹೂವಿನ ಹಾರ ಹಾಕಿಸಿಕೊಂಡು ಹೋದದ್ದನ್ನು ನೋಡಿದ್ದೇನೆ. ಅಂಥವರಿಗೂ ಖಜಾನೆಯಿಂದ ಹಣ ಕೊಡಬೇಕೇ? ಪ್ರತಿ ಖುಲಾಸೆಗೂ ತನಿಖಾಧಿಕಾರಿಯನ್ನು ಹೊಣೆ ಮಾಡಿದರೆ ನಾಳೆ ಯಾವ ಅಧಿಕಾರಿಯೂ ದೊಡ್ಡವರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಲು ಧೈರ್ಯ ಮಾಡುವುದಿಲ್ಲ.

ಲೆಕ್ಕದ ಮೇಷ್ಟ್ರು:
ಪ್ರತಿ ಖುಲಾಸೆಗೂ ಕೊಡಿ ಎಂದು ಇಲ್ಲಿ ಯಾರೂ ಕೇಳಿಲ್ಲ ಸರ್. ನ್ಯಾಯಾಲಯವೇ ತಪ್ಪಾಯಿತೆಂದು ಹೇಳಿದ ಕಡೆಗಳಲ್ಲಿ ಎಷ್ಟು ಕೊಟ್ಟಿದ್ದಾರೆ ಎಂಬುದನ್ನು ನೋಡೋಣ. ಮಹಾರಾಷ್ಟ್ರದ ಒಂದು ಕೊಲೆ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಮಂದಿಗೆ 2006ರಲ್ಲಿ ಮರಣದಂಡನೆಯಾಯಿತು. ಬಾಂಬೆ ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದರೂ 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲನ್ನೇ ಎತ್ತಿಹಿಡಿಯಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚ್ 5ರಂದು, ಅದೇ ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನು ತಾನೇ ಹಿಂದೆಗೆದುಕೊಂಡು ಆರೂ ಮಂದಿಯನ್ನು ಖುಲಾಸೆಗೊಳಿಸಿತು. ಅವರಲ್ಲಿ ಒಬ್ಬ, ಘಟನೆ ನಡೆದಾಗ ಇನ್ನೂ ಬಾಲಕ. ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಆದೇಶವಾಯಿತು. ಬಂಧನದಿಂದ ಬಿಡುಗಡೆಯವರೆಗಿನ ಹದಿನಾರು ವರ್ಷವೆಂದರೆ 5,840 ದಿನ. ಭಾಗಿಸಿದರೆ ದಿನಕ್ಕೆ ಸುಮಾರು 86 ರೂಪಾಯಿ ಬರುತ್ತದೆ. ಆ ದಿನಗಳಲ್ಲಿ ಬಹುಪಾಲನ್ನು ಅವರು ನೇಣಿನ ನಿರೀಕ್ಷೆಯಲ್ಲಿ ಕಳೆದಿದ್ದರು ಎಂಬುದನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು?

ಹೋಲಿಕೆಗೆ ಜಪಾನನ್ನು ನೋಡಿ. ಇವಾವೊ ಹಕಮಾಡ ಎಂಬುವರನ್ನು 1966ರಲ್ಲಿ ಬಂಧಿಸಿ 1968ರಲ್ಲಿ ಮರಣದಂಡನೆ ವಿಧಿಸಿದ್ದರು. 2014ರಲ್ಲಿ ಹೊರಗೆ ಬಂದರು, 2024ರ ಸೆಪ್ಟೆಂಬರಿನಲ್ಲಿ ನಿರ್ದೋಷಿ ಎಂದು ತೀರ್ಪಾಯಿತು. ಅಲ್ಲಿನ ಕಾನೂನಿನಲ್ಲಿ ದಿನಕ್ಕೆ 12,500 ಯೆನ್ ಗರಿಷ್ಠ ದರವೆಂದು ಬರೆದಿಟ್ಟಿದ್ದಾರೆ. ಅದರಂತೆ 2025ರಲ್ಲಿ 21 ಕೋಟಿ 70 ಲಕ್ಷ ಯೆನ್‌ಗಿಂತ ಹೆಚ್ಚು ಕೊಟ್ಟರು. ಸುಮಾರು ಅರ್ಧ ಶತಮಾನಕ್ಕೆ ಅದೂ ಸಾಲದು. ಆದರೆ ಅಲ್ಲಿ ದರ ಕಾನೂನಿನಲ್ಲಿದೆ, ಯಾರ ಮರ್ಜಿಯಲ್ಲೂ ಇಲ್ಲ.

ಭೀಮಾತೀರ:
ಕಲಬುರಗಿಯವನಾಗಿ ನಾನೊಂದು ಮಾತು ಸೇರಿಸುತ್ತೇನೆ. 1994ರ ಜನವರಿಯಲ್ಲಿ ನಮ್ಮ ಊರಿನ ಫಾರ್ಮಸಿ ವಿದ್ಯಾರ್ಥಿಯೊಬ್ಬರನ್ನು ರೈಲು ಸ್ಫೋಟಗಳ ಪ್ರಕರಣದಲ್ಲಿ ಬಂಧಿಸಿದರು. ಟಾಡಾ ಎಂಬ ಅಂದಿನ ಭಯೋತ್ಪಾದನಾ ನಿಗ್ರಹ ಕಾಯ್ದೆಯಡಿ ಜೀವಾವಧಿ ಶಿಕ್ಷೆಯಾಯಿತು. ಮುಖ್ಯ ಸಾಕ್ಷ್ಯವೆಂದರೆ ಪೊಲೀಸರು ದಾಖಲಿಸಿಕೊಂಡ ತಪ್ಪೊಪ್ಪಿಗೆ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದಾಗ ಇಪ್ಪತ್ತರ ಹುಡುಗ ನಲವತ್ತು ದಾಟಿದ್ದರು, ಅವರ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಜೈಪುರದ ಜೈಲಿನಿಂದ ಹೊರಬಂದವರನ್ನು ಸರ್ಕಾರದ ಪರವಾಗಿ ಯಾರೂ ಬಂದು ಮಾತನಾಡಿಸಲಿಲ್ಲ ಎಂಬುದು ನಮ್ಮನ್ನು ಇಂದಿಗೂ ಕಾಡುತ್ತದೆ.

ಜೋಳದ ಹೊಲ:
ಖಾಕಿ ದಿನಗಳು ಅವರು ಸಾಕ್ಷಿಗಳು ಮಾತು ಬದಲಿಸುವ ವಿಚಾರ ಬರೆದದ್ದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಮಾತು ಬದಲಿಸಿದ ಸಾಕ್ಷಿ.

ಹನ್ನೆರಡು ವರ್ಷದ ಹಿಂದೆ ಸಂತೆಗೆ ಹೋದವನನ್ನು ನಮ್ಮ ಕಡೆಯ ಒಂದು ಠಾಣೆಗೆ ಕರೆದು, ಪಂಚನಾಗಿ, ಎಂದರೆ ಜಪ್ತಿಯ ಸಾಕ್ಷಿಯಾಗಿ, ಸಹಿ ಹಾಕಬೇಕೆಂದರು. ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕುಡುಗೋಲು ಇತ್ತು, ಅರಗು ಆಗಲೇ ಒಣಗಿತ್ತು. ಆರೋಪಿ ಬೇಲಿಯ ಕೆಳಗಿನಿಂದ ತೆಗೆದುಕೊಟ್ಟದ್ದನ್ನು ನಾನು ನೋಡಿದೆನೆಂದು ಮಹಜರಿನಲ್ಲಿ ಬರೆದಿತ್ತು. ನಾನು ಆ ಬೇಲಿಯನ್ನೂ ನೋಡಿರಲಿಲ್ಲ, ಆ ಮನುಷ್ಯನನ್ನೂ ನೋಡಿರಲಿಲ್ಲ. ಮೂರು ಹಾಳೆಗೆ ಸಹಿ ಮಾಡಿದೆ, ಕೊಟ್ಟ ಚಹಾ ಕುಡಿದೆ, ಕೊನೆಯ ಬಸ್ಸಿಗೆ ಊರಿಗೆ ಬಂದೆ. ಅದು ತಪ್ಪೆಂದು ಆ ಹೊತ್ತು ನನಗೆ ಅನ್ನಿಸಲೂ ಇಲ್ಲ. ಸರ್ಕಾರದ ಕೆಲಸ, ಯಾರಾದರೂ ಮಾಡಲೇಬೇಕು ಎಂದುಕೊಂಡಿದ್ದೆ.

ಎರಡೂವರೆ ವರ್ಷದ ಮೇಲೆ ಸಮನ್ಸ್ ಬಂತು. ಸಾಕ್ಷಿ ಕಟ್ಟೆಯಲ್ಲಿ ನಿಂತು ಎದುರಿಗೆ ನೋಡಿದರೆ, ಬೇಡಿ ಹಿಡಿದ ಪೇದೆಯ ಪಕ್ಕದಲ್ಲಿ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ನನಗೆ ಅವನು ಯಾರೆಂದು ಗೊತ್ತಿಲ್ಲ. ಸಹಿ ನನ್ನದು, ಆದರೆ ಏನನ್ನೂ ನೋಡಿಲ್ಲ ಎಂದು ನಿಜವನ್ನೇ ಹೇಳಿದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸುವಂತೆ ಕೋರಿದರು. ಆರೋಪಿಯ ಕಡೆಯವರಿಂದ ಎಷ್ಟು ಹಣ ತೆಗೆದುಕೊಂಡೆ ಎಂದು ಕೇಳಿದರು. ಆ ದಾಖಲೆಯನ್ನು ಈಗ ಯಾರು ಓದಿದರೂ ನಾನು ಕೊಳ್ಳಲ್ಪಟ್ಟ ಸಾಕ್ಷಿ, ಆ ಮುದುಕ ಸಂಶಯದ ಲಾಭದಲ್ಲಿ ತಪ್ಪಿಸಿಕೊಂಡ ಕೊಲೆಗಾರ. ನಾವಿಬ್ಬರೂ ಹಾಗಲ್ಲ ಎಂದು ಬರೆದ ಒಂದು ಸಾಲೂ ಎಲ್ಲಿಯೂ ಇಲ್ಲ.

ಎರಡನೇ ಬೆಳೆ:
ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಅಣ್ಣಾ.

ಖಾಕಿ ದಿನಗಳು:
ಜೋಳದ ಹೊಲ ಅವರೇ, ನಿಮ್ಮ ಮಾತನ್ನು ಸುಳ್ಳೆನ್ನಲು ನನಗೆ ಬಾಯಿಲ್ಲ. ಠಾಣೆಯಲ್ಲಿ ಕುಳಿತು ಬರೆದ ಮಹಜರುಗಳು ಇದ್ದವು, ಇವೆ. ಪ್ರತಿಕೂಲ ಸಾಕ್ಷಿ ಎಂದ ಕೂಡಲೇ ಸುಳ್ಳುಗಾರ ಎಂದು ನಾನೂ ಎಣಿಸುತ್ತ ಬಂದಿದ್ದೆ, ಆ ಎಣಿಕೆಯನ್ನು ಇಲ್ಲಿಗೆ ಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕೆಂದು ಹೇಳುತ್ತದೆ. ಅದು ಸರಿಯಾಗಿ ನಡೆದರೆ ಪ್ರಾಮಾಣಿಕ ಅಧಿಕಾರಿಗೂ ರಕ್ಷಣೆ, ಪಂಚನಿಗೂ ರಕ್ಷಣೆ. ಆದರೆ ಪರಿಹಾರದ ವಿಷಯದಲ್ಲಿ ನನ್ನ ಪ್ರಶ್ನೆ ಹಾಗೇ ಉಳಿದಿದೆ. ನಿಜವಾದ ನಿರಪರಾಧಿ ಯಾರೆಂದು ಯಾರು ನಿರ್ಧರಿಸಬೇಕು, ಯಾವ ಅಳತೆಯಲ್ಲಿ?

ಥೇಮ್ಸ್ ಕನ್ನಡಿಗ:
ಆ ಅಳತೆಯನ್ನು ಬಿಗಿ ಮಾಡಿದರೆ ಏನಾಗುತ್ತದೆಂಬುದಕ್ಕೆ ನಾನಿರುವ ಬ್ರಿಟನ್ನೇ ಉದಾಹರಣೆ. ಇಲ್ಲಿ 1988ರಿಂದಲೇ ಪರಿಹಾರದ ಕಾನೂನು ಇದೆ. ಆದರೆ 2014ರ ತಿದ್ದುಪಡಿಯಿಂದ, ತಾನು ಅಪರಾಧ ಮಾಡಿಲ್ಲ ಎಂಬುದು ಸಂಶಯಾತೀತವಾಗಿ ಹೊಸ ಸಾಕ್ಷ್ಯದಿಂದ ತೋರಬೇಕಾಯಿತು. ಅಪರಾಧ ಸಾಬೀತು ಮಾಡಲು ಸರ್ಕಾರಕ್ಕಿರುವಷ್ಟೇ ಭಾರ, ಹೊರಗೆ ಬಂದವನ ಹೆಗಲಿಗೂ ಬಿತ್ತು. ಹಾಗಾಗಿ ಮೇಲ್ಮನವಿಯಲ್ಲಿ ಗೆದ್ದ ಬಹಳ ಮಂದಿಗೆ ಪರಿಹಾರ ದಕ್ಕುವುದಿಲ್ಲ.

ಆಂಡ್ರ್ಯೂ ಮಾಲ್ಕಿನ್ಸನ್ ಎಂಬುವರು ಮಾಡದ ತಪ್ಪಿಗೆ ಹದಿನೇಳು ವರ್ಷ ಜೈಲಿನಲ್ಲಿದ್ದರು. ಬೇರೊಬ್ಬನತ್ತ ಬೊಟ್ಟು ಮಾಡಿದ ಡಿಎನ್‌ಎ ಸಾಕ್ಷ್ಯದಿಂದ 2023ರ ಜುಲೈಯಲ್ಲಿ ಅವರ ಶಿಕ್ಷೆ ರದ್ದಾಯಿತು. ಪರಿಹಾರ ಬಂದರೂ ಜೈಲಿನಲ್ಲಿದ್ದಾಗ ಉಳಿತಾಯವಾದ ಊಟ ವಸತಿಯ ಖರ್ಚೆಂದು ಅದರಲ್ಲಿ ಒಂದು ಪಾಲನ್ನು ಮುರಿದುಕೊಳ್ಳಬಹುದಾದ ನಿಯಮ ಆಗ ಇತ್ತು. ಅವರು ಅದನ್ನು ಎತ್ತಿ ಹೇಳಿದಾಗ ಜನ ಸಿಟ್ಟಿಗೆದ್ದರು, ಮುಂದಿನ ತಿಂಗಳೇ ಆ ನಿಯಮವನ್ನು ತೆಗೆದರು. ಕಾನೂನು ಬಂದರೆ ಸಾಲದು, ಅದರ ಒಂದೊಂದು ಸಾಲನ್ನೂ ನಾವು ಓದಬೇಕಾಗುತ್ತದೆ.

ಡಲ್ಲಾಸ್ ಮಾವ:
ಟೆಕ್ಸಾಸಿನಲ್ಲಿ ಒಂದು ವರ್ಷದ ಸೆರೆವಾಸಕ್ಕೆ 80,000 ಡಾಲರ್ ಎಂದು ಕಾನೂನಿನಲ್ಲಿಯೇ ಇದೆ, ಓದಿಗೂ ನೆರವಿದೆ. ಆ ಕಾನೂನಿಗೆ ಇಟ್ಟಿರುವುದು ಟಿಮೊತಿ ಕೋಲ್ ಎಂಬ ವಿದ್ಯಾರ್ಥಿಯ ಹೆಸರು. ಅವರು 1999ರಲ್ಲಿ ಜೈಲಿನಲ್ಲಿಯೇ ತೀರಿಕೊಂಡರು, ನಿರಪರಾಧಿ ಎಂದು ನ್ಯಾಯಾಲಯ ಹೇಳಿದ್ದು 2009ರಲ್ಲಿ. ಆದರೆ ಇಲ್ಲಿಯೂ ಕೆಲವು ರಾಜ್ಯಗಳಲ್ಲಿ ಅಂಥ ಕಾನೂನೇ ಇಲ್ಲ.

ಕಪ್ಪುಕೋಟು:
ಖಾಕಿ ದಿನಗಳು ಅವರ ಪ್ರಶ್ನೆಗೆ ನಮ್ಮಲ್ಲಿಯೇ ಒಂದು ಉತ್ತರ ಬರೆದಿಟ್ಟಿದ್ದಾರೆ. ದೆಹಲಿ ಹೈಕೋರ್ಟ್ 2017ರಲ್ಲಿ ಕೇಳಿಕೊಂಡದ್ದರಿಂದ ಕಾನೂನು ಆಯೋಗ ಈ ವಿಷಯವನ್ನು ಕೈಗೆತ್ತಿಕೊಂಡು 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟಿತು. ಖುಲಾಸೆಯಾಯಿತೇ ಇಲ್ಲವೇ ಎಂಬುದಕ್ಕಿಂತ, ದುರುದ್ದೇಶದಿಂದಲೋ ಸದ್ಭಾವನೆಯಿಲ್ಲದೆಯೋ ಮೊಕದ್ದಮೆ ನಡೆಸಿದರೇ ಎಂಬುದನ್ನು ಅಳತೆಗೋಲಾಗಿ ಇಡಬೇಕೆಂದು ಆಯೋಗ ಹೇಳಿತು. ಇಂಥ ಅರ್ಜಿಗಳಿಗೆಂದೇ ಜಿಲ್ಲೆಗಳಲ್ಲಿ ವಿಶೇಷ ನ್ಯಾಯಾಲಯಗಳಿರಬೇಕು, ಹಣದ ಜೊತೆಗೆ ಕೌಶಲ ತರಬೇತಿ, ಆಪ್ತಸಮಾಲೋಚನೆಯಂಥ ನೆರವೂ ಸಿಗಬೇಕು ಎಂದಿತು. ಆ ವರದಿ ಕಾನೂನಾಗಲಿಲ್ಲ. 2025ರ ಜುಲೈಯಲ್ಲಿ ತಮಿಳುನಾಡಿನ ಒಬ್ಬ ಮರಣದಂಡನೆ ಕೈದಿಯನ್ನು ಖುಲಾಸೆಗೊಳಿಸಿದಾಗ ಸುಪ್ರೀಂ ಕೋರ್ಟ್ ಮತ್ತೆ ಈ ಕೊರತೆಯನ್ನು ಎತ್ತಿ, ತೀರ್ಮಾನವನ್ನು ಸಂಸತ್ತಿಗೆ ಬಿಟ್ಟಿತು.

ನಿಷ್ಠುರವಾಗಿ ಹೇಳುತ್ತೇನೆ, ಆಯೋಗದ ಅಳತೆಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಯಾರದೂ ದುರುದ್ದೇಶವಿಲ್ಲದೆ, ಬರೀ ಅಸಡ್ಡೆಯಿಂದ, ಮನುಷ್ಯನೊಬ್ಬ ಏಳು ವರ್ಷ ಒಳಗಿರುವುದು ನಮ್ಮಲ್ಲಿ ಸಾಧ್ಯ. ಸರ್ಕಾರ ಅವನಿಗೆ ಹೊತ್ತ ಋಣವೂ ತೀರಬೇಕು.

ಹೊಳೆದಂಡೆ:
ಎಲ್ಲರಿಗೂ ವಂದನೆಗಳು. ಕಪ್ಪುಕೋಟು ಸರ್, ನೀವು ಹೇಳಿದಂತೆ ರಾತ್ರಿ ಕುಳಿತು ತೀರ್ಪನ್ನು ಮೊದಲಿನಿಂದ ಓದಿದೆ. ಒಟ್ಟು 38 ಪುಟ. 31ನೇ ಪ್ಯಾರಾದಲ್ಲಿ, ಜಪ್ತಿ ಮಾಡಿದ ಅಂಗಿ ಪ್ರಯೋಗಾಲಯಕ್ಕೆ ಹೋಗುವ ಮೊದಲು ನಲವತ್ತೊಂದು ದಿನ ಎಲ್ಲಿತ್ತೆಂಬುದಕ್ಕೆ ದಾಖಲೆಯಿಲ್ಲ ಎಂದಿದೆ. 33ರಲ್ಲಿ, ಮಹಜರಿನ ಇಬ್ಬರು ಪಂಚರೂ ಸ್ಥಳಕ್ಕೆ ಹೋಗಿದ್ದರೆಂದು ನಂಬುವುದು ಕಷ್ಟ, ಆರೋಪಿ ಆ ಸಂಜೆ ಆಸ್ಪತ್ರೆಯಲ್ಲಿದ್ದನೆಂಬ ಚೀಟಿಯನ್ನು ತನಿಖಾಧಿಕಾರಿ ಏಕೆ ಪರಿಶೀಲಿಸಲಿಲ್ಲವೆಂಬುದಕ್ಕೆ ವಿವರಣೆಯಿಲ್ಲ ಎಂದಿದೆ. ಚಿಕ್ಕಮ್ಮನಿಗೆ ಹೆರಿಗೆ ಆದ ದಿನವದು. ಚಿಕ್ಕಪ್ಪ ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದರು. ಕೊನೆಯ ಪ್ಯಾರಾದಲ್ಲಿ ಮಾತ್ರ ಮತ್ತೆ ಸಂಶಯದ ಲಾಭ ಎಂದಿದೆ.

ಕಪ್ಪುಕೋಟು:
33ನೇ ಪ್ಯಾರಾ ನಿಮ್ಮ ಪಾಲಿಗೆ ಬಹಳ ದೊಡ್ಡದು. ರಿಟ್ ಅರ್ಜಿಯನ್ನು ಅದರ ಮೇಲೆಯೇ ಕಟ್ಟಬೇಕು. ಬಿಡುಗಡೆ ಸಂಶಯದ ಲಾಭದಲ್ಲಾಗಿದ್ದರೂ, ಏಳು ವರ್ಷ ಬದುಕುವ ಹಕ್ಕು ಹೋದದ್ದು ಕೈಯಲ್ಲಿದ್ದ ದಾಖಲೆಯನ್ನು ನೋಡದ ತನಿಖೆಯಿಂದ ಎಂಬುದೇ ನಿಮ್ಮ ವಾದ.

ಇನ್ನೊಂದು ಕಹಿ ವಿಷಯವನ್ನು ಹೇಳಲೇಬೇಕು. ದುರುದ್ದೇಶದ ಮೊಕದ್ದಮೆಗೆ ನಷ್ಟ ಪರಿಹಾರ ಕೋರಿ ಸಿವಿಲ್ ದಾವೆ ಹೂಡಲು ಕಾಲಮಿತಿ ಖುಲಾಸೆಯಾದ ದಿನದಿಂದ ಒಂದೇ ವರ್ಷ. ಮಾನವ ಹಕ್ಕುಗಳ ಆಯೋಗವೂ ಘಟನೆ ನಡೆದು ವರ್ಷ ಕಳೆದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ನಿಮಗೆ ಹದಿನಾಲ್ಕು ತಿಂಗಳಾಗಿದೆ. ರಿಟ್ ಅರ್ಜಿಗೆ ಹಾಗೆ ದಿನ ಗೊತ್ತುಪಡಿಸಿಲ್ಲ, ಆದರೆ ತಡ ಮಾಡಿದಷ್ಟೂ ತಡವೇಕಾಯಿತೆಂದು ಕೇಳುತ್ತಾರೆ. ಹಣದ ಚಿಂತೆ ಬೇಡ, ಆದಾಯ ಕಡಿಮೆಯಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. ಅಲ್ಲಿ ಅರ್ಜಿ ಕೊಟ್ಟರೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಗೆ ಕಳುಹಿಸುತ್ತಾರೆ.

ಹೊಳೆದಂಡೆ:
ಒಂದು ವರ್ಷದ ಮಾತನ್ನು ನಮಗೆ ಯಾರೂ ಹೇಳಲಿಲ್ಲ ಸರ್. ಜೈಲಿನಿಂದ ಬಿಡುವಾಗ ಅವರ ಕೂಲಿ ಹಣ, ಒಂದು ಲುಂಗಿ, ಎರಡು ಅಂಗಿಯ ಚೀಲ ಕೊಟ್ಟು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಇಂಥ ದಿನದೊಳಗೆ ಇಂಥಲ್ಲಿ ಅರ್ಜಿ ಕೊಡಬಹುದು ಎಂಬ ಒಂದು ಚೀಟಿ ಆ ಚೀಲದಲ್ಲಿದ್ದರೆ ನಾವು ಮರುದಿನವೇ ಹೋಗುತ್ತಿದ್ದೆವು. ಮೊದಲ ಒಂದು ವರ್ಷವನ್ನು ಊರಿನವರ ಮುಖ ನೋಡುವುದು ಹೇಗೆಂಬ ಸಂಕೋಚದಲ್ಲಿಯೇ ಕಳೆದುಬಿಟ್ಟೆವು.

ಖಾಕಿ ದಿನಗಳು:
ಆ ಚೀಟಿಯ ಸಲಹೆ ಸರಿಯಾಗಿದೆ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಹೊಳೆದಂಡೆ ಅವರೇ, ಡೇರಿಯವರಿಗೆ ತೋರಿಸಲು ಠಾಣೆಯಿಂದ ಪತ್ರ ಬೇಕಾದರೆ ತೀರ್ಪಿನ ನಕಲಿನೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿ ಮಾತಿನಲ್ಲಿ ಕೇಳಬೇಡಿ. ಅರ್ಜಿಯ ಒಕ್ಕಣೆ ನಾನು ಬರೆದುಕೊಡುತ್ತೇನೆ.

ನಕಲು ಶಾಖೆ:
ನಾನು ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ಭಾಷಾಂತರದ ಕೆಲಸ ಮಾಡಿದ್ದೇನೆ, ಇಷ್ಟು ಹೊತ್ತು ಓದುತ್ತ ಕುಳಿತಿದ್ದೆ. ಆ 38 ಪುಟಗಳನ್ನು ನಾನು ಕನ್ನಡಕ್ಕೆ ಮಾಡಿಕೊಡುತ್ತೇನೆ, ಹಣದ ಮಾತು ಎತ್ತಬೇಡಿ. ಅದು ಅಧಿಕೃತ ಅನುವಾದವೆಂದು ನ್ಯಾಯಾಲಯದಲ್ಲಿ ನಡೆಯುವುದಿಲ್ಲ, ಆದರೆ ಊರಿನಲ್ಲಿ ಓದಲು ನಡೆಯುತ್ತದೆ. ಶಿಕ್ಷೆಯ ತೀರ್ಪನ್ನು ಓದಿದವರೆಲ್ಲರೂ ಇದನ್ನೂ ಓದಲಿ.

ಹೊಳೆದಂಡೆ:
ಇವತ್ತು ಸಂಜೆ ಸೈಬರ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುತ್ತೇನೆ ಸರ್. ಚಿಕ್ಕಪ್ಪನಿಗೆ ವಿಷಯ ಹೇಳಿದೆ. ಆಸ್ಪತ್ರೆಯ ಚೀಟಿಯ ವಿಷಯ ಬಂದಿರುವ ಪುಟವನ್ನು ಮೊದಲು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ. ಆ ದಿನ ಹುಟ್ಟಿದ ಮಗಳು ಈಗ ಮೂರನೇ ತರಗತಿ, ಕನ್ನಡ ಓದುತ್ತಾಳೆ. ಸೋಮವಾರ ಬೆಳಗ್ಗೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗುತ್ತೇವೆ, ಅಲ್ಲಿ ಏನಾಯಿತೆಂದು ಇಲ್ಲಿಯೇ ಬರೆಯುತ್ತೇನೆ.